ಮಕ್ಕಳಿಗೆ ಕೊಟ್ಟ ಮೂರು ಸೆಕೆಂಡು

ನನ್ನ ಗಂಟಲು ಕಟ್ಟಿದ್ದು 2023ರ ಏಪ್ರಿಲ್ 23ರ ರಾತ್ರಿ. ಅಂದು ಭಾನುವಾರ. ಬೆಂಗಳೂರಿನ ಒಂದು ಬಡಾವಣೆಯ ಆಟದ ಮೈದಾನದಲ್ಲಿ ಸಂಜೆ ಎರಡು ಟೆಲಿಸ್ಕೋಪ್ ಇಟ್ಟಿದ್ದೆವು. ಪಶ್ಚಿಮದಲ್ಲಿ ಮೂರು ದಿನದ ಎಳೆ ಚಂದ್ರ, ಅದಕ್ಕೆ ಅಂಟಿಕೊಂಡ ಹಾಗೆ ಶುಕ್ರ. ಅಷ್ಟು ಹತ್ತಿರ ಅವೆರಡೂ ಬಂದರೆ ದಾರಿಯಲ್ಲಿ ಹೋಗುವವರೂ ತಲೆ ಎತ್ತುತ್ತಾರೆ. ಅದೇ ಮಧ್ಯಾಹ್ನ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಹಸಿರು ಜೆರ್ಸಿ ಹಾಕಿಕೊಂಡು ಆಡಿ, ರಾಜಸ್ಥಾನವನ್ನು 7 ರನ್ನಿನಿಂದ ಸೋಲಿಸಿತ್ತು. ಪಂದ್ಯ ಮುಗಿಸಿ ಮನೆಗೆ ಹೊರಟ ಹುಡುಗರು ಹಸಿರು ಜೆರ್ಸಿಯಲ್ಲೇ ಬಂದು ಸಾಲಿನಲ್ಲಿ ನಿಂತರು. ಅವರ ಹಿಂದೆ ವಾಕಿಂಗ್‌ಗೆ ಬಂದ ಅಜ್ಜಿಯರು, ಅವರ ಹಿಂದೆ ಮಕ್ಕಳು. ಒಬ್ಬೊಬ್ಬರಿಗೂ ನಾನು ಹೇಳುತ್ತಿದ್ದದ್ದು ಒಂದೇ ಮಾತು. ಬೆಳಕು ಮುಗಿಯುವ ಅಂಚಿನ ಹತ್ತಿರ ನೋಡಿ, ಅಲ್ಲಿ ಗುಂಡಿಗಳು ಚೆನ್ನಾಗಿ ಕಾಣುತ್ತವೆ.

ಒಬ್ಬ ಅಜ್ಜಿ ಕಣ್ಣು ತೆಗೆಯದೆ ಕೇಳಿದರು, "ಬೆಳಕಿಲ್ಲದ ಕಡೇನೂ ಚಂದ್ರ ಮಸುಕಾಗಿ ಕಾಣ್ತಾ ಇದೆಯಲ್ಲಮ್ಮಾ?" ಅದು ನಮ್ಮ ಭೂಮಿಯ ಬೆಳಕು ಅಜ್ಜಿ, ಅಂದೆ. ಸೂರ್ಯನ ಬೆಳಕು ಭೂಮಿಗೆ ಬಿದ್ದು, ಇಲ್ಲಿಂದ ಚಂದ್ರನಿಗೆ ಹೋಗಿ, ಮತ್ತೆ ನಮ್ಮ ಕಣ್ಣಿಗೆ ಬರುತ್ತಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಇನ್ನೊಮ್ಮೆ ನೋಡಬೇಕಂತೆ.

ಇಂಥ ಸಂಜೆಯನ್ನು ಬಿಟ್ಟು ಬರುವುದು ಹೇಗೆ? ನಾನು ಬಿಟ್ಟು ಬರಲಿಲ್ಲ. ಎಂಟಕ್ಕೆ ಬರುತ್ತೇನೆ ಅಂತ ಗೆಳತಿಗೆ ಹೇಳಿದ್ದೆ. ಅವತ್ತು ಅವಳ ಹುಟ್ಟುಹಬ್ಬ. ಒಂಬತ್ತಕ್ಕೆ ಚಂದ್ರ ಕಟ್ಟಡಗಳ ಹಿಂದೆ ಇಳಿದ. ಟೆಲಿಸ್ಕೋಪ್ ಬಿಚ್ಚಿ, ಪೆಟ್ಟಿಗೆಗೆ ಹಾಕಿ, ಆಟೋ ಹಿಡಿದು ಅವಳ ಮನೆ ಮುಟ್ಟಿದಾಗ ಹತ್ತೂ ಇಪ್ಪತ್ತು. ಉಳಿದವರೆಲ್ಲ ಊಟ ಮಾಡಿ ಹೋಗಿದ್ದರು. ಸ್ಟೀಲ್ ಡಬ್ಬಿಯಲ್ಲಿ ನನಗಾಗಿ ಒಂದು ತುಂಡು ಕೇಕ್ ಇತ್ತು.

ನಾವಿಬ್ಬರೂ ಹುಬ್ಬಳ್ಳಿಯವರು. ಡಿಗ್ರಿಯಲ್ಲಿ ಮೂರು ವರ್ಷ ಒಂದೇ ಬೆಂಚು. ಅವಳು ಐಟಿ ಕೆಲಸಕ್ಕೆ ಬೆಂಗಳೂರಿಗೆ ಬಂದಳು. ನಾನು ಮನೆಯಲ್ಲಿದ್ದುಕೊಂಡು ಎಂಎಸ್ಸಿ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ಆ ನಡುವೆ ಒಂದು ವಿಜ್ಞಾನ ಕೇಂದ್ರದ ಬೇಸಿಗೆ ಶಿಬಿರದಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಶಾಲೆಗಳಿಗೆ ರಜೆ ಇರುವಷ್ಟು ದಿನ, ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಸುದ್ದಿ ಕೇಳಿ ನನಗಿಂತ ಜಾಸ್ತಿ ಕುಣಿದವಳು ಅವಳು. ಒಂದೇ ಊರಲ್ಲಿ ಇರ್ತೀವಿ, ವಾರಕ್ಕೆರಡು ಸಲ ಸಿಗೋಣ ಅಂದಿದ್ದಳು.

ಆ ರಾತ್ರಿ ಅವಳು ಹೇಳಿದಳು. ಮಾರ್ಚ್‌ನಿಂದ ಅವಳನ್ನು ಬೆಂಚ್‌ನಲ್ಲಿ ಕೂರಿಸಿದ್ದಾರೆ. ಅಂದರೆ ಕೈಯಲ್ಲಿ ಪ್ರಾಜೆಕ್ಟ್ ಇಲ್ಲ. ಮಂಗಳವಾರ ಎಚ್ಆರ್ ಮಾತಾಡಲು ಕರೆದಿದ್ದಾರೆ. ಆ ವರ್ಷ ಐಟಿಯಲ್ಲಿ ಎಷ್ಟು ಜನ ಕೆಲಸ ಕಳಕೊಂಡರು ಅನ್ನುವುದು ಎಲ್ಲರಿಗೂ ನೆನಪಿದೆ. ಅವಳ ದನಿ ನಡುಗುತ್ತಿತ್ತು. ನಾನು ಏನು ಮಾಡಿದೆ? ಅವಳ ಮಾತು ಮುಗಿಯುವ ಮೊದಲೇ ವಿವರಿಸಲು ಶುರುಮಾಡಿದೆ. ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ, ಅವಳು ಏನೇನು ಮಾಡಬಹುದು, ಮೊದಲನೆಯದು ಇದು, ಎರಡನೆಯದು ಇದು. ಒಡೆದ ಗಂಟಲಲ್ಲಿ, ಬೆಳಿಗ್ಗೆಯಿಂದ ಮಕ್ಕಳ ಜೊತೆ ಆಡಿದ ಅದೇ ಉತ್ಸಾಹದ ದನಿಯಲ್ಲಿ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ನೀ ನನಗ ಪಾಠ ಮಾಡಬ್ಯಾಡ," ಅಂದಳು. ಜೋರಾಗಿ ಅನ್ನಲಿಲ್ಲ.

ಕೆಲಸ ಮತ್ತು ಸ್ನೇಹ, ಎರಡನ್ನೂ ತೂಗಿಸಿಕೊಂಡು ಹೋಗುವುದು ಅಂದಾಗ ನಾವು ಸಾಮಾನ್ಯವಾಗಿ ಗಂಟೆಗಳ ಲೆಕ್ಕ ಹಾಕುತ್ತೇವೆ. ಇಷ್ಟು ಹೊತ್ತು ಕೆಲಸಕ್ಕೆ, ಇಷ್ಟು ಹೊತ್ತು ಜನರಿಗೆ. ಆ ರಾತ್ರಿ ನಾನು ತಡವಾಗಿ ಹೋದದ್ದನ್ನು ಅವಳು ಆಗಲೇ ಕ್ಷಮಿಸಿದ್ದಳು, ಕೇಕ್ ಎತ್ತಿಟ್ಟಿದ್ದಳು. ಹೋದಮೇಲೂ ನಾನು ಅವಳ ಹತ್ತಿರ ಇರಲಿಲ್ಲ. ಇದು ನನಗೆ ಅರ್ಥವಾಗಿದ್ದು ಎರಡು ದಿನ ಬಿಟ್ಟು, ಮಕ್ಕಳ ನಡುವೆ.

ನಮ್ಮ ಶಿಬಿರದ ಮೊದಲ ದಿನವೇ ಅಲ್ಲಿನ ಹಿರಿಯ ಶಿಕ್ಷಕಿ ನಮಗೆ ಒಂದು ಪಾಠ ಹೇಳಿಕೊಟ್ಟಿದ್ದರು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಬಾಯಿ ಬಿಡಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳಲ್ಲಿ ಕೂತು ಇದನ್ನು ಅಳೆದಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕಾಯುತ್ತಾರೆ. ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ. ಸುಮ್ಮನೆ ಕೂತಿದ್ದವರೂ ಮಾತಾಡುತ್ತಾರೆ. ಮಕ್ಕಳೇ ತಿರುಗಿ ಪ್ರಶ್ನೆ ಕೇಳುತ್ತಾರೆ. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸಬಹುದು. ಮೂವತ್ತು ಮಕ್ಕಳ ಎದುರು ನಿಂತು ಎಣಿಸಿ ನೋಡಿ. ಬಸ್ಸಿಗೆ ಕಾದಷ್ಟು ಉದ್ದ ಅನ್ನಿಸುತ್ತದೆ.

ಏಪ್ರಿಲ್ 25, ಮಂಗಳವಾರ, ಬೆಂಗಳೂರಿಗೆ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12 ಗಂಟೆ 17 ನಿಮಿಷಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಶಿಬಿರದಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು. ಸೂರ್ಯ ಎಷ್ಟು ದಿನಕ್ಕೊಮ್ಮೆ ನೆತ್ತಿಗೆ ಬರುತ್ತಾನೆ ಅಂತ ಕೇಳಿದೆ. ಒಬ್ಬ ಹುಡುಗ ತಕ್ಷಣ ಕೂಗಿದ, "ದಿನಾ! ಹನ್ನೆರಡು ಗಂಟೆಗೆ!" ನಾನು ಸುಮ್ಮನಿದ್ದೆ. ಒಂದು, ಎರಡು, ಮೂರು. ಹಿಂದಿನ ಸಾಲಿನಿಂದ ಅದುವರೆಗೂ ಬಾಯಿ ಬಿಡದ ಹುಡುಗಿ ಮೆಲ್ಲಗೆ ಕೇಳಿದಳು, "ಹಾಗಾದ್ರೆ ದಿನಾ ನೆರಳು ಮಾಯ ಆಗ್ಬೇಕಲ್ವಾ?"

ಇಡೀ ಕೋಣೆ ಅವಳ ಕಡೆ ತಿರುಗಿತು. ನಾನು ಅರ್ಧ ಗಂಟೆ ಮಾತಾಡಿದ್ದರೂ ಆ ಪ್ರಶ್ನೆಯಷ್ಟು ಕೆಲಸ ಆಗುತ್ತಿರಲಿಲ್ಲ. ಭೂಮಿ 23.5 ಡಿಗ್ರಿ ಓರೆಯಾಗಿ ನಿಂತು ಸೂರ್ಯನನ್ನು ಸುತ್ತುವುದರಿಂದ ಸೂರ್ಯ ವರ್ಷದಲ್ಲಿ ಕರ್ಕಾಟಕ ವೃತ್ತ, ಮಕರ ವೃತ್ತಗಳ ನಡುವೆ ಓಡಾಡುತ್ತಾನೆ. ಆ ನಡುವಿನ ಊರುಗಳಿಗೆ ವರ್ಷಕ್ಕೆ ಎರಡೇ ಸಲ ನೆತ್ತಿಯ ಸೂರ್ಯ. ಬೆಂಗಳೂರಿಗೆ ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ದೆಹಲಿಗೆ ಒಂದು ಸಲವೂ ಇಲ್ಲ. ಇದನ್ನೆಲ್ಲ ಮಕ್ಕಳು ಕೋಲು, ಸೀಮೆಸುಣ್ಣ, ಒಂದು ಚೆಂಡು ಇಟ್ಟುಕೊಂಡು ತಾವೇ ಹುಡುಕಿಕೊಂಡರು. ನಾನು ಬದಿಗೆ ನಿಂತಿದ್ದೆ. ಆಗ ನೆನಪಾಯಿತು. ಅವತ್ತು ಮಂಗಳವಾರ. ಗೆಳತಿ ಎಚ್ಆರ್ ಎದುರು ಕೂತಿರುವ ದಿನ. ಹೆಸರೂ ಸರಿಯಾಗಿ ಗೊತ್ತಿಲ್ಲದ ಹುಡುಗಿಗೆ ನಾನು ಮೂರು ಸೆಕೆಂಡ್ ಕಾದೆ. ಹುಟ್ಟುಹಬ್ಬದ ರಾತ್ರಿ ಇವಳಿಗೆ ಒಂದು ಸೆಕೆಂಡೂ ಕಾದಿರಲಿಲ್ಲ.

ಸಂಜೆ ಮೆಸೇಜ್ ಹಾಕಿದೆ. ಏನಾಯ್ತು? "ಇನ್ನೂ ಏನೂ ಹೇಳಿಲ್ಲ" ಅಂತ ಉತ್ತರ ಬಂತು. ಅಷ್ಟೇ.

ವಿಜ್ಞಾನವನ್ನು ಜನರ ಹತ್ತಿರ ಒಯ್ಯುವ ಕೆಲಸದಲ್ಲಿ ಒಂದು ಕಷ್ಟ ಇದೆ. ಜನರಿಗೆ ಬಿಡುವಿದ್ದಾಗ ನಮಗೆ ಕೆಲಸ. ಸಂಜೆ, ಶನಿವಾರ, ಭಾನುವಾರ, ಹಬ್ಬ, ಗ್ರಹಣ. ನಮ್ಮ ಕೇಂದ್ರಕ್ಕೆ ಸೋಮವಾರ ರಜೆ, ಆ ದಿನ ನನ್ನ ಪರಿಚಯದವರೆಲ್ಲ ಆಫೀಸಿನಲ್ಲಿ. ಪಿಜಿಯಲ್ಲಿ ನನ್ನ ರೂಮಿನ ಇನ್ನಿಬ್ಬರು ಬೆಳಿಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತಿದ್ದರು. ಮೊದಲ ಎರಡು ಸೋಮವಾರ ನಾನು ಲಾಲ್‌ಬಾಗ್‌ಗೆ ಒಬ್ಬಳೇ ಹೋಗಿ, ಕೆಂಪೇಗೌಡ ಗೋಪುರ ಇರುವ ಆ ಬಂಡೆಯ ಮೇಲೆ ಕೂತೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ಪಕ್ಕದಲ್ಲಿ ಯಾರಾದರೂ ಕೂತರೆ ಇದನ್ನು ಹೇಳಿಬಿಡಬೇಕು ಅನ್ನಿಸುತ್ತಿತ್ತು. ಆರು ದಿನ ಮಾತಾಡಿ ಮಾತಾಡಿ ಏಳನೇ ದಿನ ಒಂದು ಮಾತಿಗೂ ಜನ ಇಲ್ಲ. ಅಮ್ಮ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಹೂಂ, ಹಾಂ, ಉಂಡೆ, ಮಲಗ್ತೀನಿ. ನನ್ನ ಹತ್ತಿರ ಮಾತು ಉಳಿದಿರುತ್ತಿರಲಿಲ್ಲ.

ಜೊತೆಗಿದ್ದ ಇಂಟರ್ನ್‌ಗಳೂ ಹಾಗೇ. ಒಬ್ಬಳು ಮಂಗಳೂರಿನವಳು, ಒಬ್ಬ ತುಮಕೂರಿನವನು. ದಿನವಿಡೀ ಒಟ್ಟಿಗಿದ್ದರೂ ನಮ್ಮ ಮಾತೆಲ್ಲ ಅಂಟು, ಕತ್ತರಿ, ರಟ್ಟು, ನಾಳೆ ಎಷ್ಟು ಸ್ಟ್ರಾ ಬೇಕು. ನಾವು ಮೂವರು ನಿಜವಾಗಿ ಪರಿಚಯವಾದದ್ದು ಒಂದು ಬುಧವಾರ ಸಂಜೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಕ್ಕೆ ಹೋಗಿದ್ದೆವು. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ವೇದಿಕೆ ಅದು. ಯಾರು ಬೇಕಾದರೂ ಹೋಗಿ ಕೂರಬಹುದು. ನಮ್ಮ ಸುತ್ತ ಕೂತವರಲ್ಲಿ ತುಂಬ ಜನ ನಿವೃತ್ತರು. ಕೈಯಲ್ಲಿ ನೋಟ್‌ಬುಕ್, ಕಾಲಿನ ಹತ್ತಿರ ತರಕಾರಿ ಚೀಲ. ಆ ಒಂದು ಗಂಟೆ ನಾವು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ, ಸುಮ್ನೆ ಕೇಳುತ್ತಾ ಕೂತಿದ್ದೆವು. ಆಮೇಲೆ ಗಾಂಧಿ ಬಜಾರ್‌ನಲ್ಲಿ ನಡೆಯುವಾಗ ಮಂಗಳೂರಿನವಳು ತನ್ನ ತಮ್ಮನ ಬಗ್ಗೆ ಹೇಳಿದಳು. ಅವಳಿಗೆ ತಮ್ಮ ಇದ್ದಾನೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಮೇ 2ರ ಕತೆ ಹೇಳಬೇಕು. ಆ ಬೇಸಿಗೆಯಲ್ಲಿ ನನಗೆ ಅತಿ ಖುಷಿ ಕೊಟ್ಟ ದಿನ ಅದು.

ಶೂನ್ಯ ನೆರಳು ಒಂದೇ ದಿನ ಎಲ್ಲಾ ಊರಿಗೂ ಬರುವುದಿಲ್ಲ. ಸೂರ್ಯ ಉತ್ತರಕ್ಕೆ ಸರಿದ ಹಾಗೆ ಅದೂ ಸರಿಯುತ್ತದೆ. ಏಪ್ರಿಲ್ ಕೊನೆಯ ಹತ್ತು ದಿನದಲ್ಲಿ ಮೈಸೂರು, ಮಂಗಳೂರು, ಬೆಂಗಳೂರು, ಶಿವಮೊಗ್ಗ. ಮೇ ಮೊದಲ ವಾರ ಹುಬ್ಬಳ್ಳಿ, ಧಾರವಾಡ, ಬೆಳಗಾವಿ. ಎರಡನೇ ವಾರದ ಹೊತ್ತಿಗೆ ಕಲಬುರಗಿ, ಬೀದರ್. ಮೂರು ವಾರ ಚಿಲ್ಲರೆಯಲ್ಲಿ ಇಡೀ ಕರ್ನಾಟಕ ದಾಟಿ ಹೋಗುತ್ತದೆ. ಹುಬ್ಬಳ್ಳಿಗೆ ಮೇ 2, ಮಧ್ಯಾಹ್ನ 12 ಗಂಟೆ 26 ನಿಮಿಷ. ಪಟ್ಟಿಯಲ್ಲಿ ನಮ್ಮೂರ ಹೆಸರು ಬರೆಯುವಾಗ ಅಮ್ಮನ ನೆನಪಾಯಿತು. ನಮ್ಮ ಮನೆಯ ಮಾಳಿಗೆ ನೆನಪಾಯಿತು. ಅಮ್ಮ ಅಲ್ಲಿ ಶಾವಿಗೆ, ಸಂಡಿಗೆ ಒಣಗಿಸುವ ಕಾಲ ಅದು.

ಎರಡು ಸಾವಿರ ವರ್ಷಕ್ಕೂ ಹಿಂದೆ ಎರಟೋಸ್ಥನೀಸ್ ಈಜಿಪ್ಟಿನ ಎರಡು ಊರುಗಳ ನೆರಳು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಸಯೀನ್‌ನಲ್ಲಿ ನೆರಳಿಲ್ಲ, ಅದೇ ದಿನ ಅಲೆಕ್ಸಾಂಡ್ರಿಯಾದಲ್ಲಿ ಇದೆ. ನಮಗೂ ಎರಡು ಊರು ಬೇಕಿತ್ತು. ಹುಬ್ಬಳ್ಳಿಯಲ್ಲಿ ನೆರಳಿಲ್ಲದ ದಿನ ಬೆಂಗಳೂರಿನಲ್ಲಿ ಎಷ್ಟಿರುತ್ತದೆ? ಅಮ್ಮನಿಗೆ ಫೋನ್ ಮಾಡಿದೆ. ಹೂಂ, ಹಾಂ ಇಲ್ಲದ ಫೋನು, ಬಹಳ ದಿನದ ಮೇಲೆ. ಅಮ್ಮ ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಕೇಳಿದರು. "ಕೋಲ ನೆಟ್ಟಗ ಐತೋ ಇಲ್ಲೋ ಹ್ಯಾಂಗ ಗೊತ್ತಾಗಬೇಕು?"

ಒಳ್ಳೆಯ ಪ್ರಶ್ನೆ. ಕೋಲು ಬೇಡ, ನೀರು ತುಂಬಿದ ಉದ್ದ ಲೋಟ ಇಡು ಅಂದೆ. ಲೋಟದ ಬುಡ ಸಮ ಇದ್ದರೆ ಮೈಯೂ ನೆಟ್ಟಗೆ ಇರುತ್ತದೆ. ಮಾಳಿಗೆ ಓರೆ ಇದ್ದರೆ ನೀರು ಒಂದು ಕಡೆ ಅಂಚಿಗೆ ಹತ್ತಿರ ಬಂದು ತೋರಿಸಿಕೊಡುತ್ತದೆ.

ಮೇ 2, ಮಂಗಳವಾರ. ಬೆಳಿಗ್ಗೆಯಿಂದ ಮೋಡ ಹೆದರಿಸುತ್ತಿತ್ತು. ಹನ್ನೆರಡರ ಹೊತ್ತಿಗೆ ಬಿಸಿಲು ಬಿತ್ತು. ಬೆಂಗಳೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು 12 ಗಂಟೆ 16 ನಿಮಿಷಕ್ಕೆ, ಹುಬ್ಬಳ್ಳಿಗಿಂತ ಹತ್ತು ನಿಮಿಷ ಮೊದಲು. ನಮ್ಮೂರು ಪಶ್ಚಿಮಕ್ಕಿದೆಯಲ್ಲ. ಮಕ್ಕಳು ಅಂಗಳದಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿ, ಬುಡದಲ್ಲಿ ಗ್ರಾಫ್ ಹಾಳೆ ಹಾಸಿ, ಮೊಣಕಾಲೂರಿ ಕೂತಿದ್ದರು. ನೆರಳು ಕುಗ್ಗುತ್ತಾ ಬಂದು ದಕ್ಷಿಣದ ಕಡೆ ಒಂದು ಚಿಕ್ಕ ಗೆರೆಯಾಗಿ ನಿಂತಿತು. ತುದಿ ಮಸುಕು. ಸೂರ್ಯ ಚುಕ್ಕಿಯಲ್ಲ, ಅಗಲದ ಬಿಲ್ಲೆ, ಹಾಗಾಗಿ ನೆರಳಿನ ಅಂಚು ಚೂಪಾಗಿರುವುದಿಲ್ಲ. ಎಲ್ಲಿಗೆ ಗೆರೆ ಹಾಕುವುದು ಅಂತ ಜಗಳವಾಯಿತು. ಕೊನೆಗೆ ಒಪ್ಪಿಕೊಂಡ ಅಳತೆ ನಾಲ್ಕು ಸೆಂಟಿಮೀಟರ್.

ಈಗ ಹತ್ತು ನಿಮಿಷ ಕಾಯಬೇಕು. ಮೂವತ್ತು ಮಕ್ಕಳು ನನ್ನ ಫೋನಿನ ಸುತ್ತ. ಸ್ಪೀಕರ್ ಹಾಕಿದೆ. ಆ ಕಡೆಯಿಂದ ಗಾಳಿಯ ಸದ್ದು, ಪಕ್ಕದ ಮನೆ ಕಾಕುವಿನ ದನಿ, ಯಾರೋ ಮಕ್ಕಳ ಓಡಾಟ. ಅಮ್ಮ ಓಣಿಯನ್ನೆಲ್ಲ ಮಾಳಿಗೆಗೆ ಕರೆದಿದ್ದರು. "ಇನ್ನೂ ಸ್ವಲ್ಪ ಐತಿ... ಕೂದಲಷ್ಟ ಐತಿ..." ಅನ್ನುತ್ತಿದ್ದರು. ನಮ್ಮ ಅಂಗಳದಲ್ಲಿ ಒಬ್ಬರೂ ಉಸಿರು ಬಿಡಲಿಲ್ಲ. ಆಮೇಲೆ ಅಮ್ಮನ ದನಿ ಒಮ್ಮೆಲೇ ಏರಿತು.

"ಹೋತ ನೋಡ್ರಿ! ನೆರಳ ಹೋತು!"

ಮಕ್ಕಳು ಕುಣಿದರು. ನನಗೆ ಕಣ್ಣು ತುಂಬಿ ಬಂತು.

ಲೆಕ್ಕ ಸುಲಭ. ಒಂದು ಮೀಟರ್ ತ್ರಿಜ್ಯದ ವೃತ್ತ ಬರೆದರೆ ಸುತ್ತಳತೆ 628 ಸೆಂಟಿಮೀಟರ್. ಅದರಲ್ಲಿ ನಾಲ್ಕು ಅಂದರೆ 157ರಲ್ಲಿ ಒಂದು ಪಾಲು. ಸೂರ್ಯನ ಕಿರಣ ಎರಡೂ ಊರಿಗೆ ಒಂದೇ ದಿಕ್ಕಿನಿಂದ ಬರುತ್ತದೆ, ನೆರಳಿನ ಈ ವ್ಯತ್ಯಾಸ ನಡುವೆ ಭೂಮಿ ಬಾಗಿದ್ದರಿಂದ. ಹಾಗಾದರೆ ಬೆಂಗಳೂರಿಂದ ಹುಬ್ಬಳ್ಳಿಗೆ ಇರುವ ದೂರ ಭೂಮಿಯ ಸುತ್ತಿನ 157ರಲ್ಲಿ ಒಂದು ಪಾಲು. ಒಬ್ಬ ಹುಡುಗ, "ಬಸ್ಸಲ್ಲಿ 400 ಕಿಲೋಮೀಟರ್ ಮಿಸ್," ಅಂದ. ನಾನು ಮೂರು ಎಣಿಸಿದೆ. ಇನ್ನೊಬ್ಬಳು ನಕ್ಷೆ ಎಳೆದುಕೊಂಡು, ಬಸ್ಸು ಓರೆಯಾಗಿ ಹೋಗುತ್ತದೆ, ನಮಗೆ ಉತ್ತರಕ್ಕೆ ಎಷ್ಟು ಹೋದೆವು ಅನ್ನುವುದು ಮಾತ್ರ ಬೇಕು ಅಂದಳು. ಸ್ಕೇಲ್ ಇಟ್ಟು ಅಳೆದರೆ ಸುಮಾರು 265 ಕಿಲೋಮೀಟರ್ ಬಂತು. 157ರಿಂದ ಗುಣಿಸಿದರೆ 41,605. ಧ್ರುವಗಳ ಮೇಲೆ ಹಾದು ಅಳೆದ ನಿಜವಾದ ಸುತ್ತಳತೆ ಸುಮಾರು 40,008. ಒಂದು ಲೋಟ, ಒಂದು ಕೋಲು, ಒಂದು ಫೋನು.

ಅಮ್ಮನಿಗೆ ರಾತ್ರಿ ಇದನ್ನು ಹೇಳಿದೆ. ಅವರು ಹತ್ತನೇ ಕ್ಲಾಸಿಗೆ ಓದು ಬಿಟ್ಟವರು. "ನಾ ಅಳದಿದ್ದು ಭೂಮಿನಾ?" ಅಂತ ಎರಡು ಸಲ ಕೇಳಿದರು.

ಇಷ್ಟು ಚೆನ್ನಾಗಿ ಆದ ಮೇಲೆ ನನಗೆ ದಾರಿ ಸಿಕ್ಕಿತು ಅನ್ನಿಸಿತು. ಕೆಲಸ ಬೇರೆ, ನನ್ನ ಜನ ಬೇರೆ ಅಂತ ಯಾಕೆ ಇಡಬೇಕು? ಎಲ್ಲರನ್ನೂ ಕೆಲಸದ ಜಾಗಕ್ಕೇ ಕರೆದರಾಯಿತು. ಮೇ 5, ಶುಕ್ರವಾರ, ಬುದ್ಧ ಪೂರ್ಣಿಮೆ. ಅಂದು ರಾತ್ರಿ ಛಾಯಾ ಚಂದ್ರಗ್ರಹಣ ಇತ್ತು. ಗೆಳತಿಗೆ ಫೋನ್ ಮಾಡಿ, ಬಾ, ನಮ್ಮ ಜೊತೆ ವಾಲಂಟಿಯರ್ ಆಗು, ಮನಸ್ಸು ಹಗುರ ಆಗುತ್ತದೆ ಅಂದೆ. ಅವಳು ಬಂದಳು.

ಅವಳಿಗೆ ಸಾಲು ನೋಡಿಕೊಳ್ಳುವ ಕೆಲಸ ಕೊಟ್ಟೆ. ಛಾಯಾ ಗ್ರಹಣದಲ್ಲಿ ಚಂದ್ರ ಭೂಮಿಯ ದಟ್ಟ ನೆರಳಿಗೆ ಬೀಳುವುದಿಲ್ಲ, ಸುತ್ತಲಿನ ತೆಳು ನೆರಳನ್ನಷ್ಟೇ ದಾಟುತ್ತಾನೆ. ಬಣ್ಣ ಚೂರು ಮಂಕಾಗುತ್ತದೆ, ಗೊತ್ತಿಲ್ಲದವರಿಗೆ ಮಾಮೂಲಿ ಹುಣ್ಣಿಮೆಯೇ. ಅದಕ್ಕೇ ಅವತ್ತು ಮಾತು ಜಾಸ್ತಿ ಬೇಕಿತ್ತು. ಗ್ರಹಣ ಅಂತ ಮಧ್ಯಾಹ್ನದಿಂದ ಊಟ ಬಿಟ್ಟು ಬಂದವರಿದ್ದರು. ಅವರ ಜೊತೆ ಕೂತು ಚುರುಮುರಿ ತಿಂದೆವು. ಮೋಡ ಬಂದು ಹೋಗುತ್ತಿತ್ತು. ಗೆಳತಿ ದೂರದಲ್ಲಿ ಸಾಲಿನ ಪಕ್ಕ ನಿಂತಿರುವುದು ಕಾಣುತ್ತಿತ್ತು. ನಾನು ಎರಡು ಸಲ ಕೈ ಬೀಸಿದೆ. ಗ್ರಹಣ ನಡುಮಟ್ಟಕ್ಕೆ ಬಂದದ್ದು ರಾತ್ರಿ 10 ಗಂಟೆ 52ಕ್ಕೆ. ಆಗ ತಿರುಗಿ ನೋಡಿದರೆ ಅವಳಿರಲಿಲ್ಲ. ಹೊರಟುಬಿಟ್ಟಿದ್ದಳು. ಯಾವಾಗ ಅಂತಲೂ ನನಗೆ ಗೊತ್ತಾಗಲಿಲ್ಲ.

ಅಮ್ಮನಿಗೆ ನನ್ನ ಕೆಲಸದಲ್ಲಿ ಒಂದು ಪಾಲು ಬೇಕಿತ್ತು. ಗೆಳತಿಗೆ ನನ್ನ ಕೆಲಸ ಬೇಕಿರಲಿಲ್ಲ, ನಾನು ಬೇಕಿತ್ತು. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೂ ಹೊಂದುತ್ತದೆ ಅಂತ ನಾನೇ ತೀರ್ಮಾನ ಮಾಡಿದ್ದೆ. ಅವಳನ್ನು ಕೇಳಿರಲಿಲ್ಲ.

ಮೇ 10ಕ್ಕೆ ವಿಧಾನಸಭೆ ಚುನಾವಣೆ. ಹಿಂದಿನ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗಿ ವೋಟು ಹಾಕಿ ಬಂದೆ. ಮಾಳಿಗೆ ಹತ್ತಿದರೆ ಅಮ್ಮ ಲೋಟದ ಸುತ್ತ ಸೀಮೆಸುಣ್ಣದಲ್ಲಿ ಎಳೆದ ವೃತ್ತ ಇನ್ನೂ ಇತ್ತು. ಮಳೆ ಹನಿ ಬಿದ್ದು ಅರ್ಧ ಅಳಿಸಿತ್ತು. ಅದರ ಮೇಲೆ ಸಂಡಿಗೆ ಹಾಕದೆ ಜಾಗ ಬಿಟ್ಟಿದ್ದರು. ಊಟಕ್ಕೆ ಕೂತಾಗ ಅಮ್ಮ ಹೇಳಿದರು, ಗೆಳತಿಯೂ ವೋಟು ಹಾಕಲು ಬಂದಿದ್ದಳಂತೆ. "ಭಾಳ ಸೊರಗ್ಯಾಳ. ಕೆಲಸ ಹೋತಂತ. ನಿನಗ ಹೇಳಿಲ್ಲೇನು?"

ಜೋಳದ ರೊಟ್ಟಿ ಕೈಯಲ್ಲೇ ಉಳಿಯಿತು.

ವಾಪಸ್ ಬಂದ ಮೇಲೆ ಮೊದಲು ಮಾಡಿದ ಕೆಲಸ, ನಾವು ಮೂವರೂ ಸೇರಿ ಶಿಬಿರದ ಸಂಯೋಜಕರ ಹತ್ತಿರ ಹೋಗಿದ್ದು. ಪ್ರತಿ ಭಾನುವಾರ ಸಂಜೆ ಮೂವರೂ ಬೇಕಾ? ಇಬ್ಬರು ಸಾಕಲ್ವಾ? ಅವರು ತಕ್ಷಣ ಒಪ್ಪಿದರು, ಮೊದಲೇ ಕೇಳಬೇಕಿತ್ತು ಅಂದರು. ನಾವು ಕೇಳಬೇಕಿತ್ತು, ನಿಜ. ಆದರೆ ಇಂಥದ್ದನ್ನು ಮೊದಲ ದಿನವೇ ಅವರಾಗಿ ಹೇಳಬೇಕು ಅಂತಲೂ ನನಗೆ ಈಗ ಬಲವಾಗಿ ಅನ್ನಿಸುತ್ತದೆ. ಇಪ್ಪತ್ತೆರಡು ವಯಸ್ಸಿನ ಹುಡುಗ ಹುಡುಗಿಯರು, ಹೊಸ ಊರು, ಇಷ್ಟಪಟ್ಟು ಸೇರಿದ ಕೆಲಸ. ಅವರು ರಜೆ ಕೇಳುವುದಿಲ್ಲ. ಕೇಳಿದರೆ ಆಸಕ್ತಿ ಕಡಿಮೆ ಅಂದುಕೊಳ್ಳುತ್ತಾರೇನೋ ಅನ್ನುವ ಹೆದರಿಕೆ ಇರುತ್ತದೆ. ಇಷ್ಟದ ಕೆಲಸದಲ್ಲಿ ದಣಿವು ಗೊತ್ತಾಗುವುದು ತಡವಾಗಿ, ಅದೂ ಬೇರೆಯವರ ಮುಖ ನೋಡಿ.

ನನ್ನ ಪಾಲಿನ ಮೊದಲ ಬಿಡುವಿನ ಭಾನುವಾರ ಮೇ 21. ಹೊರಡುವ ಮೊದಲು ಅವಳಿಗೆ ಹೇಳಬಾರದು, ನೇರ ಮನೆಗೇ ಹೋಗಬೇಕು ಅಂದುಕೊಂಡಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಆಕಾಶ ಕಪ್ಪಾಯಿತು. ಆಲಿಕಲ್ಲು, ಗಾಳಿ, ಮುರಿದು ಬಿದ್ದ ಮರಗಳು. ಬೆಂಗಳೂರಿನಲ್ಲಿ ಇದ್ದವರು ಆ ಮಳೆ ಮರೆತಿರಲಿಕ್ಕಿಲ್ಲ. ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಕಾರಿನಲ್ಲಿ ಸಿಕ್ಕಿಕೊಂಡ ಒಬ್ಬ ಯುವತಿ ತೀರಿಕೊಂಡರು. ಐಟಿ ಉದ್ಯೋಗಿ, ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಸುದ್ದಿ ಬಂದಾಗ ನಾನು ಪಿಜಿಯ ಬಾಗಿಲಲ್ಲಿ ಛತ್ರಿ ಹಿಡಿದು ನಿಂತಿದ್ದೆ.

ಫೋನ್ ಹೊಡೆಯಿತು. ಗೆಳತಿ.

"ಎಲ್ಲಿದ್ದಿ?"

ಪಿಜಿಯಲ್ಲೇ ಇದ್ದೀನಿ ಅಂದೆ.

"ಹೊರಗ ಬರಬ್ಯಾಡ. ಭಾನುವಾರ ನೀ ಎಲ್ಲೆರ ಬಯಲಾಗ ನಿಂತಿರ್ತಿ ಅಂತ ಜೀವ ಹೋಗಿತ್ತು ನಂದು."

ಕರೆಂಟ್ ಹೋಗಿತ್ತು. ಕಿಟಕಿಯ ಹತ್ತಿರ ನೆಲದ ಮೇಲೆ ಕೂತೆ. ಅವಳು ಮಾತಾಡುತ್ತಾ ಹೋದಳು. ಕೆಲಸ ಹೋದದ್ದು ಏಪ್ರಿಲ್ ಕೊನೆಯಲ್ಲಿ. ಮನೆಯಲ್ಲಿ ಹೇಳಲು ಒಂದು ವಾರ ಹಿಡಿಯಿತು. ಗ್ರಹಣದ ರಾತ್ರಿ ಅದನ್ನು ನನಗೆ ಹೇಳಬೇಕು ಅಂತಲೇ ಬಂದಿದ್ದಳು. ನಡುನಡುವೆ ನಿಲ್ಲಿಸುತ್ತಿದ್ದಳು. ಹಿಂದಿನಂತಾಗಿದ್ದರೆ ಆ ಜಾಗದಲ್ಲಿ ನಾನು ಏನಾದರೂ ಹೇಳಿಬಿಡುತ್ತಿದ್ದೆ. ಮಳೆ ಸದ್ದು ಕೇಳುತ್ತಾ ಕೂತೆ. ಎಣಿಸಲಿಲ್ಲ. ಫೋನಿನ ಚಾರ್ಜ್ ಮುಗಿಯುವವರೆಗೆ ಅವಳೇ ಮಾತಾಡಿದಳು.

ಮರುದಿನ ಸೋಮವಾರ, ನನಗೆ ರಜೆ. ಅವಳಿಗೂ ಈಗ ಸೋಮವಾರ ಆಫೀಸಿಲ್ಲ. ಸಂಜೆಯ ಹೊತ್ತಿಗೆ ಹೋದೆ. ಅವಳ ಮನೆಯ ಟೆರೇಸಿನಲ್ಲಿ ಹಿಂದಿನ ದಿನ ಗಾಳಿಗೆ ಬಿದ್ದ ತುಳಸಿ ಕುಂಡವನ್ನು ಇಬ್ಬರೂ ಸೇರಿ ಎತ್ತಿಟ್ಟೆವು. ಮಣ್ಣು ಬಳಿದು ತುಂಬಿದೆವು. ಅವಳು ಚಹಾ ಮಾಡಿಕೊಂಡು ಬಂದಳು. ಹೊಸ ರೆಸ್ಯೂಮೆಯಲ್ಲಿ ಏನೇನು ಬರೆದಿದ್ದಾಳೆ ಅಂತ ಹೇಳುತ್ತಿದ್ದಳು. ಊರಿಗೆ ಹೋಗಿ ಆರು ತಿಂಗಳು ಇದ್ದು ಬರಲಾ ಅಂತ ಕೇಳುತ್ತಿದ್ದಳು. ಅವಳೇ ಬೇಡ ಅನ್ನುತ್ತಿದ್ದಳು. ಪಶ್ಚಿಮದಲ್ಲಿ ಮೋಡ ಸರಿದು ಎಳೆ ಚಂದ್ರ ಕಾಣಿಸಿತು. ಅದರ ಮೇಲೆ, ಸ್ವಲ್ಪ ದೂರದಲ್ಲಿ, ಒಂದು ದಪ್ಪ ಚುಕ್ಕಿ.

"ಅದ ಏನು ಶುಕ್ರ?" ಅಂದಳು.

"ಹೂಂ," ಅಂದೆ.

ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು, ಅಪ್ಪ ಫೋನಿನಲ್ಲಿ ಏನಂದರು ಅನ್ನುವುದನ್ನು ಹೇಳಲು ಶುರುಮಾಡಿದಳು.